ಕತ್ತದ ಗುಂಡಿಯ ಮೇಲಿನ ಹಳದಿ

ಸಣ್ಣಕುದ್ರುವಿನ ಬಡಾವಣೆಯಲ್ಲಿ ಹಗಲು ಹೊತ್ತು ಜನ ಇರುವುದಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸು ಬ್ರಹ್ಮಾವರದ ಕಡೆಗೆ ಹೊರಟಿತೆಂದರೆ ಐವತ್ತೆಂಟು ಮನೆಗಳಿಗೂ ಬೀಗ. ಗಂಡಸರು, ಹೆಂಗಸರು, ಕಾಲೇಜಿನ ಮಕ್ಕಳು ಎಲ್ಲರೂ ಉಡುಪಿ, ಇಲ್ಲವೇ ಮಣಿಪಾಲ. ಸಂಜೆ ಏಳಕ್ಕೆ ಬಸ್ಸು ಅವರನ್ನು ತಂದು ಕಿರುಸೇತುವೆಯ ಬುಡದಲ್ಲಿ ಸುರಿದು ಹೋಗುತ್ತದೆ. ನಡುವೆ ಒಂದು ಅಂಗಡಿಯೂ ಇಲ್ಲ. ಇಬ್ಬರು ಅಂಗಡಿ ಹಾಕಿ ನೋಡಿದ್ದರು. ಹಗಲಿಗೆ ಗಿರಾಕಿ ಇಲ್ಲದೆ ಎರಡೂ ಮುಚ್ಚಿಹೋದವು. ಬಡಾವಣೆಯ ಹೆಂಗಸರು ಉಪ್ಪಿನ ಪೊಟ್ಟಣವನ್ನೂ ಮಣಿಪಾಲದಿಂದಲೇ ಚೀಲದಲ್ಲಿ ಹೊತ್ತು ತರುತ್ತಾರೆ.

ಹಾಗಾಗಿ ಆ ಸದ್ದು ಮೂರು ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ. ಅಥವಾ ಬಿದ್ದವರು ಹೇಳಿರಲಿಲ್ಲ.

ಸುಗುಣಳಿಗೆ ಅದು ಕೇಳಿದ್ದು ೨೦೧೩ರ ಆಷಾಢದಲ್ಲಿ, ಜ್ವರವೆಂದು ಕಚೇರಿಗೆ ರಜೆ ಹಾಕಿದ ದಿನ. ಗಂಡ ವೆಂಕಟ ಮಣಿಪಾಲದ ಔಷಧಿ ಗೋದಾಮಿಗೆ ಹೋಗಿಯಾಗಿತ್ತು. ಹನ್ನೊಂದು ಗಂಟೆಯಿರಬಹುದು. ಮಳೆ ಒಂದು ಗಳಿಗೆ ಬಿಟ್ಟಿತ್ತು. ಗಂಜಿ ಬಿಸಿಮಾಡಲೆಂದು ಅಡುಗೆಮನೆಗೆ ಬಂದವಳು ಸೌಟು ಹಿಡಿದು ಹಾಗೇ ನಿಂತಳು. ಟಪ್. ಟಪ್ ಟಪ್. ಮರಕ್ಕೆ ಮರ ತಾಗುವ ಸದ್ದು, ಆದರೆ ನಡುವೆ ಯಾವುದೋ ಮೆತ್ತನೆಯ ವಸ್ತು ಇಟ್ಟು ಹೊಡೆದ ಹಾಗೆ. ಒಂದು ಕೈಯಲ್ಲ, ಹತ್ತು ಹದಿನೈದು ಕೈ. ಒಬ್ಬರದು ನಿಂತರೆ ಇನ್ನೊಬ್ಬರದು ಶುರು.

ಹೊರಗೆ ಬಂದು ನೋಡಿದಳು. ಸಾಲಾಗಿ ಬೀಗ ಹಾಕಿದ ಗೇಟುಗಳು, ತಂತಿಯ ಮೇಲೆ ಮರೆತುಹೋದ ಒಂದು ಟವಲು. ಹೊರಗೆ ಸದ್ದಿಲ್ಲ. ಒಳಗೆ ಬಂದರೆ ಮತ್ತೆ ಟಪ್ ಟಪ್. ಬಗ್ಗಿದಳು. ಟೈಲ್ಸಿನ ಸಂದುಗಳಲ್ಲಿ ಚಹಾದ ಬಣ್ಣದ ನೀರು ಜಿನುಗಿ ನಿಂತಿತ್ತು. ಮೂಸಿ ನೋಡುವ ಅಗತ್ಯವಿರಲಿಲ್ಲ. ಆ ವಾಸನೆಯನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು. ಉಪ್ಪುನೀರಿನಲ್ಲಿ ಹತ್ತು ತಿಂಗಳು ಕೊಳೆತ ತೆಂಗಿನ ಸಿಪ್ಪೆಯದು.

ಸಂಜೆ ವೆಂಕಟನಿಗೆ ನೀರನ್ನು ತೋರಿಸಿದಳು.

"ಮಳಿಗಾಲ ಅಲ್ದಾ ಮಾರಾಯ್ತಿ, ನೆಲ ಬೆವರುದೇ," ಎಂದ ಅವನು. "ಟೈಲ್ಸ್ ಹಾಕ್ದವ ಸಿಮೆಂಟ್ ಪೂರಾ ತಿಂದಿದ, ಅದ್ಕೆ ನೆಲಕ್ಕೆ ಅಜೀರ್ಣ."

ಸದ್ದಿನ ವಿಚಾರ ಅವನಿಗೆ ಹೇಳಲಿಲ್ಲ. ಹೇಳಿದರೆ ಅದು ಯಾವ ಸದ್ದು ಎನ್ನಬೇಕಾಗುತ್ತಿತ್ತು. ಅಡುಗೆಮನೆಯ ಕೆಳಗೆ ಆರು ಅಡಿ ಕೆಂಪು ಮಣ್ಣು, ಅದರ ಕೆಳಗೆ ಜಲಜ ಚಿಕ್ಕಮ್ಮನ ಸಿಪ್ಪೆ ಗುಂಡಿ ಇದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆಮೇಲೆ ಆ ಮಣ್ಣು ಅಲ್ಲಿಗೆ ಬಂದದ್ದು ಯಾರಿಂದ ಎಂಬುದನ್ನೂ.

ಬಾರ್ಕೂರಿನ ಹೊಳೆ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಹತ್ತಾರು ಕುದ್ರುಗಳಿವೆ, ಹೊಳೆಯ ನಡುವಿನ ತುಂಡು ನೆಲಗಳು. ಅಂಥದ್ದರಲ್ಲಿ ಒಂದು ಸಣ್ಣಕುದ್ರು. ಮೂವತ್ತೊಂದು ಮನೆ, ಸುತ್ತ ತೆಂಗು, ಅಂಚಿನಲ್ಲಿ ಉಬ್ಬರದ ಉಪ್ಪುನೀರು ಹತ್ತಿಳಿಯುವ ಕೆಸರು. ಆ ಕೆಸರಿನಲ್ಲಿ ಪ್ರತಿ ಮನೆಯ ಹೆಂಗಸರಿಗೂ ಗುಂಡಿಗಳಿದ್ದವು. ಸುಗ್ಗಿ ಕಳೆದ ಮೇಲೆ ಗುಂಡಿ ತುಂಬ ಸಿಪ್ಪೆ ಹಾಕಿ ಕೆಸರು ಮುಚ್ಚುವುದು, ಮಳೆಗಾಲ ಪೂರ್ತಿ ಬಿಡುವುದು, ಮರುವರ್ಷ ತೆಗೆದು ಮರದ ಕೊಡತಿಯಿಂದ ಬಡಿದು ನಾರು ಬಿಡಿಸುವುದು, ನಾರನ್ನು ಹೊಸೆದು ಕತ್ತದ ಹಗ್ಗ ಮಾಡುವುದು. ಮಲ್ಪೆ, ಗಂಗೊಳ್ಳಿಯ ದೋಣಿಗಳಿಗೆ, ಊರೂರ ಬಾವಿಗಳಿಗೆ, ಮದುವೆ ಚಪ್ಪರಗಳಿಗೆ ಸಣ್ಣಕುದ್ರುವಿನ ಹಗ್ಗ ಹೋಗುತ್ತಿತ್ತು. ಗಂಡಸರು ಮುಂಬಯಿಯ ಹೋಟೆಲುಗಳಲ್ಲಿದ್ದರು. ಅವರ ಮನಿಯಾರ್ಡರು ಬಂದರೆ ಬಂತು. ಬಾರದ ತಿಂಗಳು ಕುದ್ರು ಉಪವಾಸ ಬಿದ್ದದ್ದಿಲ್ಲ.

ತಾಯಿಯಿಲ್ಲದ ಸುಗುಣಳನ್ನು ಸಾಕಿದ್ದು ತಾಯಿಯ ತಂಗಿ ಜಲಜ. ಕುಂದಾಪುರದ ಕಾಲೇಜಿನಲ್ಲಿ ಬಿ.ಎ. ಓದಿಸಿದ್ದೂ ಅವಳೇ, ಹಗ್ಗ ಹೊಸೆದ ಅಂಗೈಯಿಂದ. ಆದರೆ ಸುಗುಣಳಿಗೆ ಕಾಲೇಜಿನ ನೆನಪೆಂದರೆ ಬಸ್ಸಿನ ಒಂದು ಸೀಟು. ಅವಳು ಪಕ್ಕದಲ್ಲಿ ಕೂತ ಕೂಡಲೇ ಗೆಳತಿಯೊಬ್ಬಳು ಕಿಟಕಿಯ ಗಾಜನ್ನು ಮೇಲೆತ್ತುತ್ತಿದ್ದಳು. ಬಟ್ಟೆಗೆ ಅಂಟಿದ ಕೊಳೆತ ಸಿಪ್ಪೆಯ ವಾಸನೆಗೆ. ಮಳೆ ಬಂದರೂ ಎತ್ತುತ್ತಿದ್ದಳು.

ಉಡುಪಿ ಬೇರೆ ಜಿಲ್ಲೆಯಾದ ಮರುವರ್ಷ, ಎಂದರೆ ೧೯೯೮ರಲ್ಲಿ, ಹೊಸ ಜಿಲ್ಲೆಯ ಊರುಗಳು ಮುಂದೆ ಹೇಗೆ ಬೆಳೆಯಬೇಕೆಂದು ನಕ್ಷೆ ಮಾಡಲು ಯೋಜನಾ ಕಚೇರಿಯವರು ಮನೆಮನೆ ಸರ್ವೆಗೆ ಇಳಿದರು. ಓದಿದ ಹುಡುಗಿಯರನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡರು. ಸುಗುಣಳಿಗೆ ಬಿದ್ದದ್ದು ಅವಳದೇ ಕುದ್ರು. ತಿಂಗಳು ಆಗಸ್ಟು. ಸಿಪ್ಪೆಯೆಲ್ಲ ನೀರಿನಡಿ. ಕೊಡತಿಗಳು ಅಟ್ಟದಲ್ಲಿ. ದಡದಲ್ಲಿ ನಿಂತು ನೋಡಿದರೆ ಬರೀ ಕೆಸರು, ಎರಡು ಬೆಳ್ಳಕ್ಕಿ.

ಮೊದಲ ಮನೆ ಜಲಜಳದೇ.

"ಎಂತ ಮಗಾ, ಸರ್ಕಾರದವ್ಳ್ ಆದ್ಯಾ?" ಜಲಜ ಜಗಲಿಯಲ್ಲಿ ಚಾಪೆ ಹಾಸಿದಳು. "ಕೂಕೊ, ಕೂಕೊ. ಆಫೀಸರಮ್ಮಂಗೆ ಬೆಲ್ಲ ನೀರ್ ಕೊಡ್ಕಾ, ಚಾಯ ಕೊಡ್ಕಾ?"

"ತಮಾಷಿ ಸಾಕ್ ಚಿಕ್ಕಮ್ಮ. ಇಲ್ಲ್ ಬರಿಕ್. ಮನಿಯಗೆ ದುಡಿಯವ್ರ್ ಯಾರ್?"

"ನಿನ್ ಚಿಕ್ಕಪ್ಪ. ಬೊಂಬಾಯಿ ಹೋಟ್ಲಗೆ. ಬರ್ಕೊ."

"ನೀವ್ ಎಂತ ಕೆಲ್ಸು ಮಾಡುದ್?"

"ನಾನಾ?" ಜಲಜ ಹೊಳೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಸುಗುಣಳ ಮುಖವನ್ನೇ ನೋಡಿದಳು. "ಎಂತ ಇಲ್ಲೆ. ಸುಮ್ನೆ ಕೂಕಂಡಿಪ್ಪುದ್."

ಕುದ್ರುವಿನ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ನೀರಿನಡಿ ಇಟ್ಟದ್ದನ್ನು ಬಾಯಿಂದ ಹೇಳಬಾರದು. ಎಷ್ಟು ಹಾಕಿದೆ, ಎಲ್ಲಿ ಹಾಕಿದೆ, ಹಾಕಿದ್ದೇನೋ ಇಲ್ಲವೋ, ಯಾವುದನ್ನೂ. ಹೇಳಿದರೆ ನಾರು ಕಪ್ಪಾಗುತ್ತದೆ, ಹೊಸೆದರೆ ತುಂಡಾಗುತ್ತದೆ. ಬಡಿಯಲು ಮೇಲೆ ತೆಗೆದ ಮೇಲೆ ಬಾಯಿ ಬಿಚ್ಚಬಹುದು. ಅಲ್ಲಿಯವರೆಗೆ ಯಾರು ಕೇಳಿದರೂ ಎಂತ ಇಲ್ಲೆ. ಸುಗುಣಳೂ ಸಣ್ಣವಳಿದ್ದಾಗ ಮಳೆಗಾಲದಲ್ಲಿ ಹಾಗೆಯೇ ಹೇಳುತ್ತಿದ್ದಳು. ಹಾಗಾಗಿ ಜಲಜ ಯಾಕೆ ಹಾಗೆ ಹೇಳಿದಳೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಫಾರಮಿನ ಒಂಬತ್ತನೆಯ ಅಂಕಣ, ಊರಿನಲ್ಲೇ ನಡೆಯುವ ದುಡಿಮೆ. ಅದರ ಪಕ್ಕ ಷರಾ ಎಂದು ಅಗಲವಾಗಿ ಜಾಗ ಬಿಟ್ಟಿದ್ದರು, ಸರ್ವೆಯವರು ತಾವೇ ಕಂಡದ್ದನ್ನು ಬರೆಯಲಿಕ್ಕೆ. ಸುಗುಣ ಪೆನ್ನಿನ ತುದಿಯನ್ನು ಷರಾದ ಮೇಲೆ ಇಟ್ಟಳು. ಕತ್ತ ಎಂದು ಎರಡಕ್ಷರ ಬರೆದರೆ ಆ ಫಾರಮು ಉಡುಪಿಗೆ ಹೋಗುತ್ತದೆ. ಅಲ್ಲಿ ಇಸ್ತ್ರಿ ಶರ್ಟಿನವರು ಓದುತ್ತಾರೆ. ಸರ್ವೆಯವರ ಪಟ್ಟಿಯಲ್ಲಿ ಅವಳ ಹೆಸರು, ಅವಳ ವಿಳಾಸ, ಸಣ್ಣಕುದ್ರು. ಅವರು ತಲೆಯೆತ್ತಿ ಅವಳನ್ನು ನೋಡುತ್ತಾರೆ. ಒಬ್ಬರಾದರೂ ಕಿಟಕಿಯ ಕಡೆ ಸರಿಯುತ್ತಾರೆ.

ಒಂಬತ್ತರಲ್ಲಿ 'ಇಲ್ಲ' ಎಂದು ಬರೆದು ಷರಾ ಖಾಲಿ ಬಿಟ್ಟಳು. ಎರಡನೆಯ ಮನೆಯಲ್ಲೂ ಎಂತ ಇಲ್ಲೆ, ಇಲ್ಲ. ಮೂವತ್ತೊಂದು ಮನೆ, ಮೂವತ್ತೊಂದು ಇಲ್ಲ. ಅಕ್ಷರ ಗುಂಡಗೆ ಮುತ್ತಿನ ಹಾಗಿತ್ತು. ಸೂಪರ್‌ವೈಸರ್ ಮೆಚ್ಚಿ, ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಅವಳ ಹೆಸರನ್ನು ಹೇಳಿದರು. ಅವಳು ಟ್ರೇಸರ್ ಆದಳು.

ನಾಲ್ಕು ವರ್ಷದ ಮೇಲೆ ವರದಿ ಬಂತು. ಅದರಲ್ಲಿ ಕುದ್ರುವಿಗೆ ಸಿಕ್ಕಿದ್ದು ಒಂದೇ ವಾಕ್ಯ. 'ಸ್ವಂತ ದುಡಿಮೆಯ ನೆಲೆಯಿಲ್ಲದ ಪ್ರದೇಶ. ಉಡುಪಿ, ಮಣಿಪಾಲದ ಉದ್ಯೋಗಿಗಳ ವಸತಿಗೆ ಸೂಕ್ತ.' ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಗದ್ದೆ ತೋಟಕ್ಕೆ ಹಸಿರು. ಸಣ್ಣಕುದ್ರುವಿನ ಅಂಚಿನೊಳಗೆ ಹಳದಿ ತುಂಬಿದ್ದು ಸುಗುಣಳದೇ ಕುಂಚ. ಬಣ್ಣ ಎಲ್ಲೂ ಗೆರೆ ದಾಟಲಿಲ್ಲ.

ಹೊಳೆಯಂಚಿನ ಕೆಸರು ಕಾಗದದಲ್ಲಿ ಯಾರದ್ದೂ ಅಲ್ಲ, ಸರ್ಕಾರದ್ದು. ಬಡಾವಣೆ ಕಟ್ಟುವವರಿಗೆ ಅದು ಸಿಗಲು ಕಷ್ಟವಾಗಲಿಲ್ಲ. ಟಿಪ್ಪರುಗಳು ಬಂದದ್ದು ೨೦೦೪ರ ಸೆಪ್ಟೆಂಬರಿನಲ್ಲಿ. ಆಗಲೂ ಸಿಪ್ಪೆ ನೀರಿನಡಿ. ಹೆಂಗಸರು ದಡದಲ್ಲಿ ಸಾಲಾಗಿ ನಿಂತು ನೋಡಿದರು. "ಇಲ್ಲಿ ಏನಾದರೂ ಇದೆಯಾ?" ಎಂದು ಮೇಸ್ತ್ರಿ ಕೇಳಿದನಂತೆ. ಯಾರೂ ಬಾಯಿ ಬಿಡಲಿಲ್ಲ. ಮೂವತ್ತು ಮನೆಯ ವರ್ಷದ ದುಡಿಮೆ ಕೆಂಪು ಮಣ್ಣಿನ ಕೆಳಗೆ ಹೋಯಿತು. ಉತ್ತರದ ತುದಿಯಲ್ಲಿ ಸೀತು ಎಂಬವಳ ಆರು ಗುಂಡಿ ಮಾತ್ರ, ಅಷ್ಟು ದೂರ ಟಿಪ್ಪರು ತಿರುಗಲು ಜಾಗವಿಲ್ಲದೆ, ಉಳಿದವು.

ಆಮೇಲೆ ಕುದ್ರುವಿನ ಹೆಂಗಸರೂ ಬಸ್ಸು ಹತ್ತಿದರು. ಜಲಜ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಎರಡು. ೨೦೦೮ರಲ್ಲಿ ಒಂದು ದಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತವಳು ಸರಳಿಗೆ ತಲೆಯಾನಿಸಿ ಹಾಗೇ ತೀರಿಕೊಂಡಳು. ಕಂಡಕ್ಟರನಿಗೆ ನಿದ್ದೆಯೆಂದು ಕಂಡಿತು. ದಿನವೂ ನಿದ್ದೆ ಮಾಡುವವಳೇ. ಬಸ್ಸು ಮಣಿಪಾಲಕ್ಕೆ ಹೋಗಿ, ಕುಂದಾಪುರಕ್ಕೆ ಬಂದು, ಮತ್ತೆ ಮಣಿಪಾಲಕ್ಕೆ ಹೋಯಿತು. ಮೂರನೆಯ ಸಲ ಸೀಟು ಬೇಕಾದ ಹುಡುಗಿಯೊಬ್ಬಳು ಭುಜ ಮುಟ್ಟಿದಾಗ ಗೊತ್ತಾಯಿತು.

ಇದೆಲ್ಲ ತಿಳಿದೂ ಅದೇ ಬಡಾವಣೆಯಲ್ಲಿ ಮನೆ ಕಟ್ಟಿದಿರಾ ಎಂದು ಯಾರಾದರೂ ಕೇಳಬಹುದು. ಅವಳ ಊರಿನಲ್ಲೇ ಮನೆಯಾಗಲಿ, ಸುಗುಣಳನ್ನು ಬೆರಗುಗೊಳಿಸಬೇಕೆಂದು ವೆಂಕಟ ಮುಂಗಡ ಕೊಟ್ಟು ಬಂದಿದ್ದ. ಹದಿನೇಳನೆಯ ನಂಬರು. ನಕ್ಷೆ ಬಿಡಿಸಿ ತೋರಿಸಿದಾಗ ಅದು ಜಲಜಳ ಗುಂಡಿಯ ಜಾಗವೆಂದು ಅವಳು ಗುರುತಿಸಿದಳು. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಚೆನ್ನಾಗಿದೆ ಎಂದಳು.

ಜ್ವರ ಬಿಟ್ಟು ಕಚೇರಿಗೆ ಹೋದ ದಿನ ಹೊಸ ಅಧಿಕಾರಿ ರವಿಚಂದ್ರ ಅವಳ ಮೇಜಿನ ಮೇಲೆ ಸಣ್ಣಕುದ್ರುವಿನ ಹಾಳೆಯನ್ನು ಹರಡಿದರು. ಚಿತ್ರದುರ್ಗದ ಕಡೆಯವರು, ಬಂದು ನಾಲ್ಕು ತಿಂಗಳಾಗಿತ್ತು. ಹನ್ನೊಂದು ವರ್ಷದ ಹಳೆಯ ನಕ್ಷೆಯನ್ನು ಪರಿಷ್ಕರಿಸುವುದು ಅವರ ಕೆಲಸ.

"ಮೇಡಂ, ಊರು ಅಂದ್ರೆ ಬರೀ ಮಲಗೋಕೆ ಇರೋ ಜಾಗ ಅಲ್ಲ ಅಲ್ವಾ?" ಎಂದರು. "ಬಾರ್ಕೂರು, ಕೋಟ, ಹಟ್ಟಿಯಂಗಡಿ, ಎಲ್ಲಿ ನೋಡಿದ್ರೂ ಬೆಳಿಗ್ಗೆ ಎಲ್ಲರೂ ಬಸ್ಸಲ್ಲಿ. ಈ ಸಲ ಸರ್ಕಾರದ ನೀತಿನೇ ಬೇರೆ. ಊರಿನ ದುಡಿಮೆ ಊರಲ್ಲೇ ಇರಬೇಕು. ಇರೋದನ್ನ ಉಳಿಸಬೇಕು, ಇಲ್ಲದ ಕಡೆ ಹುಟ್ಟಿಸಬೇಕು. ಈ ಕುದ್ರುವಿನಲ್ಲಿ ಏನಾದ್ರೂ ಇದ್ರೆ ಉಳಿಸೋಣ ಅಂತ ಹುಡುಕಿದೆ. ಏನೂ ಇಲ್ಲ."

ಉತ್ತರದ ತುದಿಯಲ್ಲಿ ಪೆನ್ಸಿಲಿನಿಂದ ಚೌಕ ಹಾಕಿದ್ದರು. ಬಸ್ಸು ತಿರುಗಿಸಲು ಮತ್ತು ಬೈಕು ನಿಲ್ಲಿಸಲು ಜಾಗ.

"ಒಂದೇ ಒಂದು ಆಕ್ಷೇಪಣೆ ಬಂದಿದೆ. ಸೀತು ಅನ್ನೋರದ್ದು. 'ನಮ್ಮ ಜಾಗ ತೆಗೆಯಬೇಡಿ' ಅಂತ ಒಂದು ಸಾಲು. ಕಾರಣನೇ ಬರೆದಿಲ್ಲ. ಕಾರಣ ಇಲ್ಲದೆ ನಾನೇನು ಮಾಡ್ಲಿ? ಹಳೇ ಸರ್ವೆ ತೆಗೆಸಿ ನೋಡಿದೆ." ಹಳದಿಗಟ್ಟಿದ ಫಾರಮುಗಳ ಕಟ್ಟನ್ನು ಅವಳ ಮುಂದಿಟ್ಟರು. "ಮೂವತ್ತೊಂದು ಮನೆ, ಒಂದರಲ್ಲೂ ದುಡಿಮೆ ಇಲ್ಲ. ಬರೆದವರು ಮಾತ್ರ ಎಷ್ಟು ಅಚ್ಚುಕಟ್ಟು ನೋಡಿ. ಯಾರೋ ಮಹಾತಾಯಿ."

ಸುಗುಣ ನೋಡಿದಳು. ಶಾಯಿ ಮಾಸಿರಲಿಲ್ಲ.

"ಗುರುವಾರ ಜಾಗ ನೋಡಿ ಮುಗಿಸಿಬಿಡೋಣ," ಎಂದರು ರವಿಚಂದ್ರ. "ನೀವೂ ಬನ್ನಿ. ಅವರ ಮಾತು ನನಗೆ ಪೂರ್ತಿ ತಿಳಿಯಲ್ಲ."

ಬುಧವಾರ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿ ಕುದ್ರುವಿನ ಉತ್ತರದ ತುದಿಗೆ ನಡೆದಳು. ಬಡಾವಣೆಯ ರಸ್ತೆ ಮುಗಿದಲ್ಲಿ ತೆಂಗಿನ ಸಾಲು ಶುರುವಾಗುತ್ತದೆ. ಅಲ್ಲಿ ಸೀತುವಿನ ಮನೆ. ಅರವತ್ತೈದು ದಾಟಿದ, ಒಣ ಮೈಯ ಹೆಂಗಸು. ಜಲಜಳ ಜೊತೆ ಮೂವತ್ತು ವರ್ಷ ಒಂದೇ ದಿಮ್ಮಿಯ ಮೇಲೆ ಸಿಪ್ಪೆ ಬಡಿದವಳು. ಸೊಸೆ ಪ್ರಫುಲ್ಲಾ ಉಡುಪಿಯ ಜವಳಿ ಅಂಗಡಿಗೆ ಹೋಗುವವಳಾದ್ದರಿಂದ ಹಗಲಿಗೆ ಸೀತು ಒಬ್ಬಳೇ.

"ಹ್ವಾಯ್, ಹಳ್ದಿ ಬಣ್ಣದವ್ಳ್ ಬಂತಾ!" ಸೀತು ಜಗಲಿಯಿಂದಲೇ ಕೂಗಿದಳು. "ಬಾ, ಬಾ. ಮೂಗ್ ಮುಚ್ಕಂಬುಕೆ ಕರ್ಚೀಪ್ ತಂದಿದ್ಯಾ?"

ಸುಗುಣ ಮೆಟ್ಟಿಲ ಮೇಲೆ ಕೂತಳು. ಕೊಡೆಯಿಂದ ನೀರು ಇಳಿಯುತ್ತಿತ್ತು.

"ಸೀತಕ್ಕ, ನಾಳಿಗೆ ಆಫೀಸರ್ ಬತ್ರ್. ಅವ್ರ್ ಕೆಟ್ಟವ್ರಲ್ಲ. ಗುಂಡಿಯಗೆ ಸಿಪ್ಪಿ ಇತ್ತ್, ನಾನ್ ಹಗ್ಗ ಮಾಡ್ತೆ ಅಂದ್ ಒಂದ್ ಮಾತ್ ಹೇಳಿ. ಸಾಕ್."

"ಮಳಿಗಾಲ ಕಣೆ."

"ಗೊತ್ತಿತ್ತ್."

"ಗೊತ್ತಿದ್ದ್ ಕೇಂತ್ಯಲೆ? ನೀರಡಿ ಇದ್ದದ್ದ್ ಹೇಳುಕಾಗ. ನನ್ನ್ ಹೆತ್ತ ಅಬ್ಬಿ ಹೇಳ್ಳಿಲ್ಲೆ, ನಾನ್ ಹೇಳುದಿಲ್ಲೆ."

"ಹೇಳ್ದಿದ್ರೆ ಮಣ್ ಹಾಕ್ತ್ರ್ ಸೀತಕ್ಕ. ಆಮೇಲೆ ಕಪ್ಪಾರೆಂತ, ಬೆಳ್ಳಗಿದ್ರೆಂತ?"

ಸೀತು ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆ ದೂಡಿದಳು. ಸುಗುಣ ತೆಗೆದುಕೊಳ್ಳಲಿಲ್ಲ. ಕೇಳಬಾರದೆಂದುಕೊಂಡದ್ದನ್ನೇ ಕೇಳಿದಳು.

"ನಿಮ್ಗೂ ಕೇಂತಾ? ಬಡಿಯು ಶಬ್ದ?"

"ಕೇಣ್ದೆ ಮತ್ತೆಂತ? ಮೂವತ್ತ್ ಮನಿಯವ್ರ ಸಿಪ್ಪಿ ಅಡಿಯಗೆ ಇತ್ತ್. ಹಾಕ್ದವ್ರ್ ಸತ್ರೂ ತೆಗುಕಲ್ದಾ? ತೆಗುಕೆ ಆಯ್ಲಿಲ್ಲೆ. ಬತ್ರ್, ಬಡಿತ್ರ್, ಹೋತ್ರ್." ಮಳೆಯ ವಿಚಾರ ಹೇಳಿದಷ್ಟೇ ಸಲೀಸಾಗಿ ಹೇಳಿ, ಸುಣ್ಣ ಹಚ್ಚಿದಳು. "ನಿನ್ನ್ ಚಿಕ್ಕಮ್ಮಂದ್ ಎಡಗೈ ಪೆಟ್ಟ್. ಬೇರೆಯೇ ಗೊತ್ತಾತ್ತ್."

ಸುಗುಣಳಿಗೆ ಅಡುಗೆಮನೆಯ ಟಪ್ ಟಪ್ ನಡುವೆ ಒಂದು ಪೆಟ್ಟು ಸದಾ ಓರೆಯಾಗಿ ಬೀಳುತ್ತಿದ್ದದ್ದು ನೆನಪಾಯಿತು.

"ಅವ್ಳಿಗೆ ನನ್ನ್ ಮೇಲೆ ಸಿಟ್ಟಿತ್ತಾ?"

"ಸಿಟ್ಟಾ?" ಸೀತು ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದಳು. "ಎಂತಕೆ ಸಿಟ್ಟ್? ನೀ ಬರ್ದಿದೆ ಅಂದೇ ತಿಳ್ಕಂಡಿತ್ತ್ ಜಲಜ."

"ಎಂತ?"

"ಮಳ್ಳಿ. ಬಾಯಲ್ಲ್ ಹೇಳುಕಾಗ ಅಂದ್ ಇತ್ತ್. ಬರುಕಾಗ ಅಂದ್ ಯಾರ್ ಹೇಳಿರ್? ನಮ್ಗ್ ಯಾರಿಗ್ ಬರುಕ್ ಬತ್ತಿತ್ತ್? ನೀ ನಮ್ಮ್ ಮನಿ ಮಗು. ಗುಂಡಿ ಎಲ್ಲಿತ್ತ್ ಅಂದ್ ಕಣ್ಣ್ ಮುಚ್ಚಿ ಹೇಳ್ತಿದ್ದೆ. ನಾವ್ ಇಲ್ಲೆ ಅಂತ್, ನೀ ಇತ್ತ್ ಅಂದ್ ಬರಿತೆ ಅಂದ್ ನಾವ್ ಮೂವತ್ತೊಂದ್ ಮನಿಯವ್ರೂ ತಿಳ್ಕಂಡಿತ್. ಟಿಪ್ಪರ್ ಬಂದ್ ದಿನ್ವೂ ಜಲಜ ಹೇಳಿತ್ತ್, ಹೆದ್ರಬೇಡಿ, ನಮ್ಮ್ ಸುಗುಣ ಬರ್ದಿತ್ತ್, ಈಗ ನಿಲ್ಲಿಸ್ತ್ರ್ ಕಾಣಿ ಅಂದ್. ಮಣ್ ಬೀಳುವರಿಗೂ ಹಾಂಗೇ ಹೇಳ್ತಿತ್ತ್."

ಮಳೆ ಜೋರಾಯಿತು. ಸೀತು ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಮತ್ತೆ ಕರೆಯಲೂ ಇಲ್ಲ.

ಹದಿನೈದು ವರ್ಷ ಸುಗುಣ ತನ್ನೊಳಗೆ ಒಂದು ವಾದವನ್ನು ಕಾಪಾಡಿಕೊಂಡು ಬಂದಿದ್ದಳು. ಅವರೇ ಇಲ್ಲ ಎಂದರು, ನಾನು ಇಲ್ಲ ಎಂದು ಬರೆದೆ. ಮನೆಗೆ ಬರುವ ದಾರಿಯಲ್ಲಿ ಆ ವಾದವನ್ನು ಹುಡುಕಿದಳು. ಬಾಯಲ್ಲಿ ಇಲ್ಲ ಎನ್ನುತ್ತ ಜಲಜ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಯಾಕೆಂದು ಈಗ ತಿಳಿಯಿತು. ಅದು ನೋಟವಲ್ಲ, ಒಪ್ಪಿಸಿಕೊಟ್ಟದ್ದು. ಬಸ್ಸಿನ ಸರಳಿಗೆ ತಲೆಯಾನಿಸುವ ಮೊದಲಾದರೂ ಜಲಜಳಿಗೆ ನಿಜ ತಿಳಿದಿತ್ತೇ, ಅಥವಾ ಬರೆದದ್ದನ್ನು ಸರ್ಕಾರದವರು ಓದಲಿಲ್ಲವೆಂದೇ ಕೊನೆಯವರೆಗೂ ನಂಬಿದ್ದಳೇ? ಯಾವುದು ಹೆಚ್ಚು ಕೆಟ್ಟದ್ದೆಂದು ಸುಗುಣಳಿಗೆ ಹೇಳಲಾಗಲಿಲ್ಲ.

ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತಳು. ಹಗಲು ಇನ್ನೂ ಇತ್ತು. ಅಡಿಯಿಂದ ಬಡಿತ ಬರುತ್ತಲೇ ಇತ್ತು. "ಚಿಕ್ಕಮ್ಮ, ನಾ ಬರಿಲಿಲ್ಲೆ," ಎಂದಳು, ಗಟ್ಟಿಯಾಗಿಯೇ. ಬಡಿತ ನಿಲ್ಲಲಿಲ್ಲ, ಹೆಚ್ಚಾಗಲೂ ಇಲ್ಲ. ಕೆಲಸದಲ್ಲಿದ್ದವರಿಗೆ ಕೇಳಿಸದ ಹಾಗೆ ಅದು ತನ್ನ ಪಾಡಿಗೆ ನಡೆದಿತ್ತು.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ರವಿಚಂದ್ರ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸುಗುಣಳ ಹಿಂದೆ ಕೆಸರಿನ ಅಂಚಿಗೆ ಬಂದರು. ಸೀತು ಆಗಲೇ ಅಲ್ಲಿ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ನಿಂತಿದ್ದಳು.

"ಅಮ್ಮಾ, ಈ ಜಾಗ ನಿಮಗೆ ಯಾಕೆ ಬೇಕು?" ರವಿಚಂದ್ರ ಕೇಳಿದರು. "ಇಲ್ಲಿ ಏನು ಮಾಡ್ತೀರಿ?"

"ಎಂತ ಇಲ್ಲೆ," ಎಂದಳು ಸೀತು.

ರವಿಚಂದ್ರ ಸುಗುಣಳ ಕಡೆ ತಿರುಗಿ ಕೈ ಚೆಲ್ಲಿದರು. ಫೈಲು ಬಿಚ್ಚಿ ಪೆನ್ನಿನ ಕ್ಯಾಪು ತೆಗೆದರು.

"ಬರೀಬೇಡಿ ಸರ್," ಎಂದಳು ಸುಗುಣ.

ತನ್ನ ದನಿ ತನಗೇ ಹೊಸದಾಗಿ ಕೇಳಿತು. "ಆ ಹಳೇ ಫಾರಮು ನಾನು ಬರೆದದ್ದು. ಮೂವತ್ತೊಂದೂ. ಬರೆದದ್ದು ಸುಳ್ಳು. ನಾನು ಇದೇ ಕುದ್ರುವಿನವಳು. ಇದು ಕತ್ತದ ಗುಂಡಿ. ಆರಿದೆ. ಒಂದೊಂದರಲ್ಲಿ ನಾಲ್ಕೈದು ಸಾವಿರ ಸಿಪ್ಪೆ. ಮಾರ್ಚಿನಲ್ಲಿ ಹಾಕಿದ್ದು, ಜನವರಿಗೆ ತೆಗೆಯುವುದು. ಆವತ್ತು ಮೂವತ್ತೊಂದು ಮನೆಯವರದ್ದೂ ಸೇರಿ ನೂರೆಪ್ಪತ್ತು ಗುಂಡಿ ಇತ್ತು. ಇವರಿಗೆ ಮಳೆಗಾಲದಲ್ಲಿ ಅದನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ನನಗೆ ಗೊತ್ತಿತ್ತು. ನನಗೆ ನಾಚಿಕೆಯಾಗಿ ಬರೆಯಲಿಲ್ಲ."

ನೀರಿನಡಿಯ ಲೆಕ್ಕ ಬಾಯಿಂದ ಬಿದ್ದ ಕೂಡಲೇ ಸೀತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ರವಿಚಂದ್ರ ಪೆನ್ನಿನ ಕ್ಯಾಪನ್ನು ಮತ್ತೆ ಹಾಕಿದರು. ಮಳೆ ಫೈಲಿನ ಪ್ಲಾಸ್ಟಿಕ್ಕಿನ ಮೇಲೆ ಸಣ್ಣಗೆ ಬೀಳುತ್ತಿತ್ತು.

"ನಾಚಿಕೆ?" ಎಂದರು. ಆಮೇಲೆ, "ಇದರಿಂದ ನಿಮಗೆ ನೋಟಿಸು ಬರುತ್ತೆ ಮೇಡಂ. ನಾನೇ ಕೊಡಬೇಕಾಗುತ್ತೆ."

"ಗೊತ್ತು ಸರ್."

"ಸರಿ. ಆದ್ರೂ ಹಳೇ ಕಾಗದದಲ್ಲೂ ನೀವೇ, ಈಗಿನ ಮಾತಲ್ಲೂ ನೀವೇ. ಯಾವುದನ್ನ ನಂಬಲಿ? ನನಗೆ ಇಲ್ಲಿ ಕಾಣೋದು ಕೆಸರು. ಏನಾದ್ರೂ ಕಣ್ಣಿಗೆ ಬೀಳಬೇಕಲ್ಲ."

ಕೊಳೆಯುವ ನಡುವೆ ಗಾಳಿ ತಾಗಿದ ಸಿಪ್ಪೆ ಮತ್ತೆ ಹದಕ್ಕೆ ಬರುವುದಿಲ್ಲ. ತೆಗೆದು ತೋರಿಸಿದರೆ ಆ ಗುಂಡಿಯ ವರ್ಷ ಹೋದಂತೆ. ಅದನ್ನು ತೆಗೆಯಿರಿ ಎನ್ನುವ ಹಕ್ಕು ಸುಗುಣಳಿಗಿರಲಿಲ್ಲ. ಸೀತು ಕಿವಿಯಿಂದ ಕೈ ತೆಗೆದಳು. ಗೋಣಿಕೊಪ್ಪೆಯನ್ನು ದಡದ ಮೇಲೆ ಎಸೆದು, ಸೀರೆಯನ್ನು ಎತ್ತಿ ಕಟ್ಟಿ, ಯಾರನ್ನೂ ನೋಡದೆ ನೀರಿಗಿಳಿದಳು. ಎದೆಮಟ್ಟ ನೀರಿನಲ್ಲಿ ಬಗ್ಗಿ, ಕಾಲಿನಿಂದಲೂ ಕೈಯಿಂದಲೂ ಕೆಸರು ಸರಿಸಿದಳು. ಹೇರಿದ್ದ ಕಲ್ಲುಗಳನ್ನು ಒಂದೊಂದಾಗಿ ಪಕ್ಕಕ್ಕೆ ದೂಡಿದಳು. ಸುಗುಣ ಚಪ್ಪಲಿ ಬಿಟ್ಟು ತಾನೂ ಇಳಿದಳು. ಆಫೀಸಿನ ಸೀರೆ ಮೈಗೆ ಅಂಟಿತು.

ಮೊದಲು ಗುಳ್ಳೆಗಳು ಬಂದವು. ಆಮೇಲೆ ಒಂದು ಸಿಪ್ಪೆ, ಎರಡು, ಹತ್ತು. ಮತ್ತೆ ಎಣಿಕೆ ತಪ್ಪಿತು. ಕಂದು ಸಿಪ್ಪೆಗಳು ಒಂದರ ಮೇಲೊಂದು ಬುಳಬುಳನೆ ಎದ್ದು ಮಳೆಯ ಹೊಳೆಯ ಮೇಲೆ ಹರಡಿದವು. ವಾಸನೆ ದಡಕ್ಕೆ ಹೊಡೆಯಿತು. ರವಿಚಂದ್ರ ಮೂಗಿಗೆ ಕೈ ಒಯ್ದವರು, ಸುಗುಣಳ ಮುಖ ನೋಡಿ, ಕೈಯನ್ನು ಕೆಳಗಿಳಿಸಿದರು. ಸೀತು ಒಂದು ಸಿಪ್ಪೆಯನ್ನು ಅವರ ಕೈಗೆ ಕೊಟ್ಟಳು. ಅವರು ಉಗುರಿನಿಂದ ಕೆರೆದರು. ಅರ್ಧ ಹದವಾದ ನಾರು, ಹೊನ್ನಿನ ಬಣ್ಣ. ಕಪ್ಪಾಗಿರಲಿಲ್ಲ.

"ದುಡಿಯುವವರ ಹೆಸರು?" ಎಂದರು ರವಿಚಂದ್ರ, ಪೆನ್ನು ಹಿಡಿದು.

ಈಗ ಸಿಪ್ಪೆ ನೀರಿನ ಮೇಲಿತ್ತು. ಸೀತುವಿನ ಬಾಯಿಗೆ ಕಟ್ಟಿರಲಿಲ್ಲ. "ಸೀತು," ಎಂದಳು. "ಬರಿ. ಜಲಜ. ಬರಿ. ಪದ್ದು, ಸರಸ, ಅಪ್ಪಿ..."

"ಇವರೆಲ್ಲ ಎಲ್ಲಿದ್ದಾರೆ?"

ಸೀತು ಬಡಾವಣೆಯ ಕಡೆಗೆ ಗಲ್ಲ ಎತ್ತಿದಳು. ಬೀಗ ಹಾಕಿದ ಮನೆಗಳ ಸಾಲು ಮಳೆಯಲ್ಲಿ ಮಸುಕಾಗಿ ಕಾಣುತ್ತಿತ್ತು. ರವಿಚಂದ್ರ ಅತ್ತ ನೋಡಿ, ಸುಗುಣಳನ್ನು ನೋಡಿ, ಮುಂದೇನೂ ಕೇಳದೆ ಹೆಸರುಗಳನ್ನು ಬರೆದುಕೊಂಡರು.

ಪರಿಷ್ಕೃತ ನಕ್ಷೆಯಲ್ಲಿ ಬಸ್ಸು ತಿರುಗುವ ಜಾಗ ಸೇತುವೆಯ ಆಚೆಗೆ ಹೋಯಿತು. ಕುದ್ರುವಿನ ಉತ್ತರದ ತುದಿಯಲ್ಲಿ ದಾರದಷ್ಟು ಅಗಲದ ನೇರಳೆ ಬಣ್ಣ ಮೂಡಿತು. ಸುಗುಣಳಿಗೆ ನೋಟಿಸು ಬಂತು, ಬಡ್ತಿ ನಿಂತಿತು, ಬೈಂದೂರಿಗೆ ವರ್ಗವಾಯಿತು. ವೆಂಕಟನಿಗೆ ಎಲ್ಲವನ್ನೂ ಹೇಳಿದಳು. ಅವನು ಮೂರು ದಿನ ಅಡುಗೆಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ಚಹಾ ಕುಡಿದ.

ಅದೆಲ್ಲ ಆಮೇಲಿನ ಮಾತು. ಆ ಗುರುವಾರ ಜೀಪು ಹೋದ ಮೇಲೆ ಸೀತು ಹೇಳಿದ್ದು ಒಂದೇ. "ಐತ್ವಾರ ಬಾ. ತೆಗ್ದ್ ಗುಂಡಿ ಖಾಲಿ ಬಿಡುಕಾಗ. ಹೊಸ ಸಿಪ್ಪಿ ಹಾಕುಕ್."

ಭಾನುವಾರ ಸುಗುಣ ಹೋದಳು. ಪ್ರಫುಲ್ಲಾಳಿಗೂ ರಜೆಯಾದ್ದರಿಂದ ದಡದಲ್ಲಿ ನಿಂತು ಬುಟ್ಟಿ ಬುಟ್ಟಿ ಹಸಿ ಸಿಪ್ಪೆ ಎತ್ತಿ ಕೊಡುತ್ತಿದ್ದಳು. "ಅಕ್ಕಾ, ನಿಮ್ಗ್ ಆಪೀಸಗೆ ಮಾಡುಕ್ ಕೆಲ್ಸು ಇಲ್ಯಾ?" ಎಂದು ನಗಾಡಿದಳು. ಸುಗುಣ ಬುಟ್ಟಿಗಳನ್ನು ಗುಂಡಿಗೆ ಸುರಿದಳು. ಹಸಿ ಸಿಪ್ಪೆ ಮುಳುಗುವುದಿಲ್ಲ. ಎಷ್ಟು ಸುರಿದರೂ ಮೇಲೆದ್ದು ಸೊಂಟಕ್ಕೆ ತಾಗಿ ನಿಲ್ಲುತ್ತಿತ್ತು.

"ಹತ್ತ್," ಎಂದಳು ಸೀತು.

"ಎಲ್ಲಿಗೆ?"

"ಅದ್ರ್ ಮೇಲೆ. ಹತ್ತಿ ನಿಲ್ಲ್. ಸಿಪ್ಪಿ ನೀರ್ ಕುಡುವರಿಗೂ ಆಳ್ ನಿಲ್ಲುಕ್. ಜಲಜ ಸತ್ ಮೇಲೆ ನಾ ಒಬ್ಳೇ ನಿಂತ್ ನಿಂತ್ ಕಾಲ್ ಹೋಯಿತ್ತ್."

ಸುಗುಣ ಸೀತುವಿನ ಭುಜ ಹಿಡಿದು ಹತ್ತಿದಳು. ತೇಲುವ ರಾಶಿ ಅವಳ ಭಾರಕ್ಕೆ ಒಂದು ಗೇಣು ಇಳಿದು ಅಲ್ಲೇ ತಡೆಯಿತು. ಪಾದದಡಿಯಿಂದ ನೂರಾರು ದುಂಡು ಬೆನ್ನುಗಳು ಮೇಲಕ್ಕೆ ಒತ್ತುತ್ತಿದ್ದವು, ಒಂದು ಅಡಗಿದರೆ ಇನ್ನೊಂದು. ಕಾಲು ತೆಗೆದರೆ ಅಷ್ಟೂ ಎದ್ದು ಬರುತ್ತವೆಂದು ಗೊತ್ತಿತ್ತು.

"ಎಷ್ಟೊತ್ತ್ ಸೀತಕ್ಕ?"

"ಮಾತಾಡ್ಬೇಡ. ನಿಲ್ಲ್."

ಉಬ್ಬರ ಏರುತ್ತಿತ್ತು. ಅವಳು ಅಲುಗದೆ ನಿಂತಳು. ಪಾದದಡಿಯ ರಾಶಿ ನೀರು ಕುಡಿಯುತ್ತ, ಬಹಳ ನಿಧಾನವಾಗಿ, ಅವಳನ್ನೂ ಹೊತ್ತುಕೊಂಡು ಕೆಳಗಿಳಿಯತೊಡಗಿತು.